ಪಂಪ್‌ಹೌಸ್‌ನಿಂದ ಮೇಲಕ್ಕೆ: ಕುಡಿಯುವ ನೀರಿನ ನದಿಯ ಬೆನ್ನು ಹತ್ತಿ

ಕುಡಿಯುವ ನೀರಿನ ನದಿಯೊಂದರ ಜಲಾನಯನ, ಅಂದರೆ ಮಳೆ ನೀರು ಹರಿದು ಆ ನದಿ ಸೇರುವ ಇಡೀ ಪ್ರದೇಶ, ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಾಗ, ಅದರ ಜೊತೆ ಒಂದು ದಪ್ಪ ಫೈಲೂ ಬಂತು. ತುಂಬ ಪರೀಕ್ಷಾ ವರದಿಗಳು, ಎಲ್ಲದರಲ್ಲೂ ನೀರು ಚೆನ್ನಾಗಿದೆ ಅಂತಲೇ ಇತ್ತು. ಆದರೂ ಮಳೆಗಾಲ ಬಂದರೆ ಶುದ್ಧೀಕರಣ ಘಟಕದವರ ಗೋಳು ತಪ್ಪುತ್ತಿರಲಿಲ್ಲ. ತಾರೀಕುಗಳನ್ನು ನೋಡಿದಾಗ ಗುಟ್ಟು ಗೊತ್ತಾಯಿತು. ಮಾದರಿಗಳನ್ನೆಲ್ಲ ತೆಗೆದಿದ್ದು ಬಿಸಿಲಿನ ದಿನಗಳಲ್ಲಿ.

ಮೊದಲು ನಕ್ಷೆ ಮಾಡಿಕೊಂಡೆ. ನೀರೆತ್ತುವ ಜಾಗದಿಂದ ಶುರುಮಾಡಿ, ಗುಡ್ಡಗಳ ಏಣನ್ನು ಸೇರಿಸುತ್ತ ಹೋದರೆ ಜಲಾನಯನದ ಗಡಿ ಸಿಗುತ್ತದೆ. ಕಂಪ್ಯೂಟರ್ ಇದನ್ನು ಬೇಗ ಮಾಡಿಕೊಡುತ್ತದೆ, ನಿಜ. ಆದರೆ ರಸ್ತೆ ಪಕ್ಕದ ಚರಂಡಿ, ಮೋರಿಗಳು ಅದಕ್ಕೆ ಕಾಣುವುದಿಲ್ಲ. ಆಚೆ ಕಣಿವೆಯ ನೀರನ್ನು ಒಂದು ಚರಂಡಿ ನಮ್ಮ ನದಿಗೆ ತಿರುಗಿಸಿತ್ತು. ಅದು ಗೊತ್ತಾಗಿದ್ದು ಕಾಲ್ನಡಿಗೆಯಲ್ಲಿ ಹೋದಾಗಲೇ.

ಆಮೇಲೆ ಮಳೆಗೆ ಕಾದೆ. ಹೊಳೆ ಏರುತ್ತಿರುವಾಗಲೇ ಮಾದರಿ ತೆಗೆಯಬೇಕು. ಇಳಿಯುವಾಗ ಹೋದರೆ ಕೊಳೆಯ ಬಹುಪಾಲು ಆಗಲೇ ಕೆಳಗೆ ಹೋಗಿರುತ್ತದೆ. ಹಳ್ಳ ಬಂದು ಸೇರುವ ಪ್ರತಿ ಜಾಗದಲ್ಲೂ ಮೂರು ಬಾಟಲಿ: ಹಳ್ಳದ್ದು, ಹಳ್ಳ ಸೇರುವ ಮೊದಲಿನ ನದಿಯದ್ದು, ಎರಡೂ ಚೆನ್ನಾಗಿ ಬೆರೆತ ಮೇಲಿನದ್ದು. ತುಂಬಿದ ಹೊಳೆಗೆ ಇಳಿಯುವ ಸಾಹಸ ಬೇಡ, ಸೇತುವೆ ಮೇಲಿಂದ ಹಗ್ಗ ಕಟ್ಟಿ ಬಿಟ್ಟರೆ ಸಾಕು. ನೀರು ಎಷ್ಟು ಬಗ್ಗಡ ಅಂತ ಮೀಟರಿನಲ್ಲಿ ಅಲ್ಲೇ ನೋಡಿಬಿಡುತ್ತೇನೆ. ಸೂಕ್ಷ್ಮಾಣು ಪರೀಕ್ಷೆಯ ಬಾಟಲಿ ಬೇರೆ. ಅದರ ಬಾಯಿ ಮುಟ್ಟುವಂತಿಲ್ಲ. ತುಂಬಿದ ಕೂಡಲೇ ಐಸ್ ಪೆಟ್ಟಿಗೆಗೆ, 24 ಗಂಟೆಯೊಳಗೆ ಲ್ಯಾಬಿಗೆ.

ಎಲ್ಲರೂ ಬೊಟ್ಟು ಮಾಡುತ್ತಿದ್ದುದು ನದಿ ಬದಿಯ ಹೊಲಗಳ ಕಡೆಗೆ. ಹೊಲಗಳಿಂದ ಬಂದ ನೀರು ಅಷ್ಟೇನೂ ಕೆಟ್ಟಿರಲಿಲ್ಲ. ಒಂದು ಹಳ್ಳದ್ದು ಮಾತ್ರ ಇಟ್ಟಿಗೆ ಬಣ್ಣ. ಅದರ ಜಾಡು ಹಿಡಿದು ಹತ್ತಿದರೆ ಸಿಕ್ಕಿದ್ದು ಗುಡ್ಡದ ಮೇಲಿನ ಮಣ್ಣಿನ ರಸ್ತೆ. ಗಾಡಿ ಚಕ್ರದ ಗುರುತೇ ಕಾಲುವೆಯಾಗಿತ್ತು. ಅಲ್ಲಿಂದ ನೀರು ನೇರ ಮೋರಿಗೆ. ಮೋರಿಯಿಂದ ಧುಮುಕುವ ಕಡೆ ಆಳೆತ್ತರದ ಕೊರಕಲು, ಅದರ ಗೋಡೆಯಲ್ಲಿ ಮರದ ಬೇರುಗಳು ನೇತಾಡುತ್ತಿದ್ದವು. ಪ್ರತಿ ಮಳೆಗೂ ಇನ್ನಷ್ಟು ಮಣ್ಣು ಕುಸಿಯುತ್ತಿತ್ತು.

ಬಗ್ಗಡ ಬರೀ ಕಣ್ಣಿಗೆ ಕಾಣುವ ತೊಂದರೆ ಅಲ್ಲ. ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಕ್ಲೋರಿನ್‌ನಿಂದ ತಪ್ಪಿಸಿಕೊಳ್ಳುತ್ತವೆ. ಮಣ್ಣಿಗೆ ಅಂಟಿಕೊಂಡೇ ರಂಜಕ (ಫಾಸ್ಫರಸ್) ಬರುತ್ತದೆ, ನಿಂತ ನೀರಿನಲ್ಲಿ ಪಾಚಿ ಬೆಳೆಸುತ್ತದೆ. ಇನ್ನು ದನಕರುಗಳ ಸಗಣಿಯಿಂದಲೂ ಬರಬಹುದಾದ, ಭೇದಿ ತರುವ ಸೂಕ್ಷ್ಮ ಪರಾವಲಂಬಿ ಕ್ರಿಪ್ಟೋಸ್ಪೊರಿಡಿಯಂ ಅಂತೂ ಮಾಮೂಲಿ ಕ್ಲೋರಿನ್‌ಗೆ ಜಗ್ಗುವುದೇ ಇಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಅದು ಶೋಧಕಗಳನ್ನು ದಾಟಿ ನಲ್ಲಿಗೆ ಬಂದು, ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು.

ರಸ್ತೆ ಮುಚ್ಚುವುದು ಆಗದ ಮಾತು, ಜನ ಓಡಾಡಬೇಕಲ್ವಾ? ನೀರು ಒಂದೇ ಕಡೆ ಕೂಡಿ ರಭಸ ಪಡೆಯದ ಹಾಗೆ ಅಲ್ಲಲ್ಲಿ ಅಡ್ಡ ದಿಬ್ಬ ಹಾಕಿ, ಪಕ್ಕದ ಪೊದೆಗಳಿಗೆ ತಿರುಗಿಸಿದೆವು. ಮೋರಿ ಬಾಯಿಗೆ ಕಲ್ಲು ಹಾಸಿದೆವು. ದನ ಹೊಳೆಗಿಳಿಯುವ ಕಡೆ ಬರೀ ಬೇಲಿ ಹಾಕಿದರೆ ಉಳಿಯುವುದಿಲ್ಲ. ಮೊದಲು ದಂಡೆಯಿಂದ ದೂರದಲ್ಲಿ ನೀರಿನ ತೊಟ್ಟಿ, ಆಮೇಲೆ ಬೇಲಿ. ನದಿ ಬದಿ ಗಿಡ ನೆಡಲು ಮಾತ್ರ ಎಲ್ಲರಿಗೂ ಉತ್ಸಾಹ, ಫೋಟೋ ಚೆನ್ನಾಗಿ ಬರುತ್ತೆ ನೋಡಿ! ಗಿಡ ಬೇಕು, ಬೇಡ ಅನ್ನುವುದಿಲ್ಲ. ಆದರೆ ಗಿಡಗಳ ನಡುವೆ ಒಂದೇ ಒಂದು ಕೊರಕಲು ಬಿಟ್ಟರೂ ನೀರೆಲ್ಲ ಅದರಲ್ಲೇ ಓಡುತ್ತದೆ, ಗಿಡಗಳು ಸುಮ್ನೆ ನಿಂತಿರುತ್ತವೆ.

ಕೊನೆಗೆ ಉಳಿದಿದ್ದು ಅಪಘಾತದ ಲೆಕ್ಕ. ಮೇಲಿನ ಸೇತುವೆಯಲ್ಲಿ ಟ್ಯಾಂಕರ್ ಮಗುಚಿದರೆ ಪಂಪ್ ನಿಲ್ಲಿಸಲು ಎಷ್ಟು ಹೊತ್ತು ಸಿಗುತ್ತದೆ? ಇದಕ್ಕೆ ಕಿತ್ತಳೆ ಹಣ್ಣು ಬಿಟ್ಟು ಅಳೆದೆವು. ಅದು ಬಹುಪಾಲು ಮುಳುಗಿ ತೇಲುವುದರಿಂದ ಗಾಳಿಯ ತಳ್ಳಾಟ ಕಮ್ಮಿ. ಮೇಲಿನ ನೀರು ಒಳಗಿನದಕ್ಕಿಂತ ಬೇಗ ಹರಿಯುವುದರಿಂದ, ಮೇಲ್ಮೈ ವೇಗವನ್ನು 0.85ರಿಂದ ಗುಣಿಸಿ ಸರಾಸರಿ ತೆಗೆಯುವುದು ರೂಢಿ. ನಾವು ಗುಣಿಸಲಿಲ್ಲ. ನಮಗೆ ಬೇಕಿದ್ದು ಕೊಳೆಯ ಮೊದಲ ಅಲೆ ಯಾವಾಗ ಮುಟ್ಟುತ್ತದೆ ಅನ್ನುವುದು. ಪ್ರತಿ ಸೇತುವೆಗೂ ಬೇಸಿಗೆ ಹರಿವಿಗೊಂದು, ತುಂಬು ಹರಿವಿಗೊಂದು ಸಮಯ ಬರೆದು, ಆ ಪಟ್ಟಿಯನ್ನು ಪಂಪ್‌ಹೌಸ್‌ನ ಸ್ವಿಚ್ ಬೋರ್ಡ್ ಪಕ್ಕ ಅಂಟಿಸಿದ್ದೇವೆ. ಸೇತುವೆಗಳ ಮೇಲೆ ಪಂಪ್‌ಹೌಸ್ ಫೋನ್ ನಂಬರಿನ ಫಲಕ ಹಾಕುವುದು ಈಗ ನಡೆಯುತ್ತಿದೆ.