ಅರಿಶಿನ, ಅಡುಗೆ ಸೋಡಾ, ಇಬ್ಬರು ಮಕ್ಕಳು

ಮಗನಿಗೆ ಆರು ವರ್ಷ, ಮಗಳಿಗೆ ಮೂರೂವರೆ. ಏಪ್ರಿಲ್ ಬಂತು ಅಂದರೆ ಇಬ್ಬರೂ ಇಡೀ ದಿನ ಮನೆಯಲ್ಲೇ. ನಾನು ಮನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ, ಅವರ ಜೊತೆ ಕೂತು ಆಡಿಸುವಷ್ಟು ಪುರುಸೊತ್ತಿಲ್ಲ. ಶುರು ಮಾಡಿಕೊಟ್ಟರೆ ಆಮೇಲೆ ತಾವೇ ಮುಂದುವರಿಸುವಂಥ ಆಟ ಬೇಕಿತ್ತು. ಅಂಗಡಿಯ ಕ್ರಾಫ್ಟ್ ಕಿಟ್ ಅದಕ್ಕೆ ಆಗುವುದಿಲ್ಲ. ಅಂಟಿಸಬೇಕಾದ್ದನ್ನು ಅಂಟಿಸಿದರೆ ಕಥೆ ಮುಗಿಯಿತು, ಅದರಲ್ಲೂ ಅರ್ಧ ಅಂಟಿಸುವವಳು ಅಮ್ಮನೇ. ಮುಟ್ಟಿದರೆ ಏನಾದರೂ ಬದಲಾಗಬೇಕು, ಆಗ ಮಕ್ಕಳು ಅಲ್ಲಿಂದ ಏಳುವುದಿಲ್ಲ. ಅಂಥದ್ದು ಅಡುಗೆಮನೆಯಲ್ಲಿ ಬೇಕಾದಷ್ಟಿದೆ.

ನಮ್ಮನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಅರಿಶಿನದ ಚಿತ್ರ. ಒಂದು ಚಮಚ ಅರಿಶಿನವನ್ನು ಸ್ವಲ್ಪ ನೀರಲ್ಲಿ ಕಲಸಿ, ದಪ್ಪ ಡ್ರಾಯಿಂಗ್ ಹಾಳೆಗೆ ಪೂರ್ತಿ ಬಳಿದು ಒಣಗಿಸಬೇಕು. ಬಳಿಯುವುದನ್ನೂ ಮಕ್ಕಳೇ ಮಾಡಲಿ. ಒಣಗಿದ ಮೇಲೆ ಒಂದು ಬಟ್ಟಲಲ್ಲಿ ಅಡುಗೆ ಸೋಡಾ ಕರಗಿಸಿದ ನೀರು, ಇನ್ನೊಂದರಲ್ಲಿ ನಿಂಬೆರಸ ಇಟ್ಟು ಬ್ರಷ್ ಕೊಡಿ. ಸೋಡಾ ನೀರಲ್ಲಿ ಎಳೆದ ಗೆರೆ ಹಳದಿ ಹಾಳೆಯ ಮೇಲೆ ಕೆಂಪಾಗಿ ಏಳುತ್ತದೆ. ಅದರ ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಹುಳಿ ತಗುಲಿದರೆ ಹಳದಿಗೆ ತಿರುಗುತ್ತದೆ, ಅಷ್ಟೇ. ಆದರೆ ನನ್ನ ಮಗ ಬರೆದು, ಅಳಿಸಿ, ಮತ್ತೆ ಬರೆದು ಹಾಳೆ ಕಿತ್ತುಬರುವವರೆಗೂ ಬಿಡಲಿಲ್ಲ.

ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿ, “ಇದು ಓಕುಳಿ ನೀರು ಮಾಡೋ ಹಾಗೇ ಅಲ್ವೇನಮ್ಮಾ?” ಅಂದರು. ಹೌದಲ್ಲ! ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡುವುದು ಇದೇ ಲೆಕ್ಕ. ಮಕ್ಕಳ ಕೈಗೆ ಮಾತ್ರ ಸುಣ್ಣ ಕೊಡಬೇಡಿ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಸೋಡಾ ಸಾಕು, ಸೋಪಿನ ನೀರೂ ಆಗುತ್ತದೆ. ಹಳೇ ಅಂಗಿ ಹಾಕಿಸಿ. ಅರಿಶಿನದ ಕಲೆಗೆ ಸೋಪು ಹಾಕಿದ ಕೂಡಲೇ ಕೆಂಪಾಗುತ್ತದೆ, ಗಾಬರಿ ಬೇಡ. ಒಗೆದು ನಾಲ್ಕು ದಿನ ಒಳ್ಳೆ ಬಿಸಿಲಿಗೆ ಹಾಕಿದರೆ ಮಾಸುತ್ತದೆ.

ಶಂಖಪುಷ್ಪದ್ದೂ ಇಂಥದ್ದೇ ಆಟ. ನೀಲಿ ಹೂವನ್ನು ಬಿಸಿನೀರಲ್ಲಿ ನೆನೆಸಿ ಆರಿಸಿಕೊಡಿ. ನಿಂಬೆ ಹಿಂಡಿದರೆ ನೇರಳೆ, ಇನ್ನೂ ಹಿಂಡಿದರೆ ಗುಲಾಬಿ, ಸೋಡಾ ಹಾಕಿದರೆ ಹಸಿರು. ಮಗಳಿಗೆ ಚಿತ್ರ ಬೇಕಾಗಿಲ್ಲ, ಲೋಟದಿಂದ ಲೋಟಕ್ಕೆ ಸುರಿಯುವುದೇ ಸಾಕು. ಬಚ್ಚಲಲ್ಲಿ ಮಣೆ ಹಾಕಿ ಕೂರಿಸಿಬಿಟ್ಟರೆ ಒರೆಸುವ ಕೆಲಸವೂ ಇಲ್ಲ.

ಬೀಟ್‌ರೂಟ್ ರಸದಲ್ಲಿ ಬೆಂಡೆಕಾಯಿ ಅಚ್ಚು ಒತ್ತಿಸುವುದು ಎಲ್ಲರೂ ಹೇಳುವಂಥದ್ದು. ಬರೀ ರಸ ತೆಳ್ಳಗಾಗಿ ಹರಿದುಹೋಗುತ್ತದೆ, ಒಂದಿಷ್ಟು ಮೈದಾ ಕಲಸಿಕೊಳ್ಳಿ. ಬಣ್ಣ ಕೆಲವೇ ದಿನದಲ್ಲಿ ಕಂದಾಗುತ್ತದೆ.

ಉಪ್ಪುಹಿಟ್ಟಿನ ವಿಷಯ ಬೇರೆ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಒಂದು ಚಮಚ ಎಣ್ಣೆ. ಮುಕ್ಕಾಲು ಲೋಟ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಬೇಕು, ಸಾಲದಿದ್ದರೆ ಇನ್ನಷ್ಟು ಚಿಮುಕಿಸಿ. ಇದಕ್ಕೆ ಅತ್ತೆಯ ವಿರೋಧವಿತ್ತು. “ತಿನ್ನೋ ಹಿಟ್ಟನ್ನ ಆಟಕ್ಕೆ ಹಾಕ್ತಾರಾ?” ಅನ್ನುವ ಅವರ ಮಾತು ತಪ್ಪೂ ಅಲ್ಲ. ಹುಳ ಬಿದ್ದ ಮೈದಾವನ್ನು ಜರಡಿ ಹಿಡಿದು ಇದಕ್ಕೇ ಅಂತ ಎತ್ತಿಡುವುದು ನಾವು ಮಾಡಿಕೊಂಡ ರಾಜಿ. ಉಪ್ಪು ಅಷ್ಟೊಂದು ಇರುವುದರಿಂದ ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು. ಇಬ್ಬರಿಗೂ ಒಂದೇ ಅಳತೆಯ ಉಂಡೆ ಕೊಡಿ, ಇಲ್ಲದಿದ್ದರೆ ಅರ್ಧ ಗಂಟೆ ಪಂಚಾಯಿತಿಯಲ್ಲೇ ಹೋಗುತ್ತದೆ.

“ಏನಾದ್ರೂ ಮಾಡು” ಅಂದರೆ ಮಕ್ಕಳು ಹಾವು ಹೊಸೆದು, ಚಪಾತಿ ತಟ್ಟಿ, ಎದ್ದುಹೋಗುತ್ತಾರೆ. ಮಾಡಿದ್ದಕ್ಕೆ ಒಂದು ಜಾಗ ಇದೆ ಅಂತ ಗೊತ್ತಾದರೆ ಕೂರುತ್ತಾರೆ. ನಾವು ಮೈಸೂರಿನವರು, ದಸರಾಕ್ಕೆ ಗೊಂಬೆ ಕೂರಿಸುತ್ತೇವೆ. ಪಟ್ಟದ ಗೊಂಬೆಗಳನ್ನು ಮುಟ್ಟಲು ಮಕ್ಕಳಿಗೆ ಅಪ್ಪಣೆ ಇಲ್ಲ, ಆದರೆ ಕೆಳಗಿನ ಮೆಟ್ಟಿಲ ಶೆಟ್ಟರ ಅಂಗಡಿ ಈಗ ಅವರದ್ದೇ. ಪ್ರತಿ ವರ್ಷ ಅಕ್ಕಿ, ಬೇಳೆ ಮಾತ್ರ ಇಡುತ್ತಿದ್ದ ಶೆಟ್ಟರಿಗೆ ಈ ಸಲ ತರಕಾರಿ ವ್ಯಾಪಾರವೂ ಇರಲಿ ಅಂದೆ. ಬದನೆಕಾಯಿ, ಹೀರೇಕಾಯಿ, ಬಾಳೆಗೊನೆ ಎಲ್ಲಾ ತಯಾರಾದವು. ಮಗಳು ಮಾಡಿದ್ದೆಲ್ಲ ಆಲೂಗಡ್ಡೆ. ತಿದ್ದಲು ಹೋಗಲಿಲ್ಲ, ಆಲೂಗಡ್ಡೆಯೂ ಮಾರಾಟವಾಗುತ್ತದೆ ಅಲ್ವಾ!

ಸಣ್ಣಗೆ ಮಾಡಿಸಿ. ದಪ್ಪ ಇದ್ದರೆ ಹೊರಗೆ ಒಣಗಿ ಒಳಗೆ ಹಸಿಯಾಗೇ ಉಳಿದು ಬಿರುಕು ಬಿಡುತ್ತದೆ. ಎರಡು ಮೂರು ದಿನ ಬಿಸಿಲಲ್ಲಿ ಮಗುಚುತ್ತಾ ಒಣಗಿಸಿ, ಆಮೇಲೆ ಬಣ್ಣ. ಮಳೆಗಾಲದಲ್ಲಿ ಉಪ್ಪು ತೇವ ಎಳೆದುಕೊಂಡು ಗೊಂಬೆಗಳು ಬೆವರುತ್ತವೆ. ದಸರಾವರೆಗೆ ಉಳಿಯಬೇಕಾದರೆ ಮುಚ್ಚಳ ಬಿಗಿಯಾಗಿರುವ ಡಬ್ಬಿಯೇ ಬೇಕು.

ಕಾಳು ಅಂಟಿಸುವ ಚಿತ್ರವನ್ನು ಮಾತ್ರ ಮಗಳು ದೊಡ್ಡವಳಾಗುವವರೆಗೆ ಮುಂದೂಡಿದ್ದೇನೆ. ಚಿಕ್ಕ ಮಕ್ಕಳು ಕಾಳನ್ನು ಮೂಗಿಗೆ ತೂರಿಸಿಕೊಳ್ಳುತ್ತಾರೆ, ಒಳಗೆ ಹೋದದ್ದು ನೆನೆದು ಊದಿಕೊಳ್ಳುತ್ತದೆ. ಅವರೆಕಾಯಿ ಕಾಲದಲ್ಲಿ ನೆನೆಸಿದ ಅವರೆ ಹಿತುಕುವ ಕೆಲಸ ಕೊಡುತ್ತೇನೆ, ಆದರೆ ನಾನೂ ಜೊತೆಗೇ ಕೂತಿರುತ್ತೇನೆ. ಕಾಳು ಸಿಪ್ಪೆಯಿಂದ ಪುಳಕ್ಕಂತ ಹಾರುವುದೇ ಅವರಿಗೆ ಖುಷಿ.

ಸದ್ಯಕ್ಕೆ ಶೆಟ್ಟರಿಗೆ ತಕ್ಕಡಿ ಬೇಕಂತೆ. ಎರಡು ಬಾಟಲಿ ಮುಚ್ಚಳ, ಒಂದು ಪೊರಕೆ ಕಡ್ಡಿ, ನನ್ನ ಹೊಲಿಗೆ ಡಬ್ಬಿಯ ದಾರ ಕೊಟ್ಟಿದ್ದೇನೆ. ಕಡ್ಡಿ ಒಂದೇ ಕಡೆಗೆ ವಾಲುತ್ತಿದೆ, ದಾರವನ್ನು ಎಲ್ಲಿ ಕಟ್ಟಬೇಕು ಅಂತ ಇಬ್ಬರೂ ಜಗಳವಾಡುತ್ತಿದ್ದಾರೆ. ನಾನು ಎರಡು ರವಿಕೆಗೆ ಕೊಕ್ಕೆ ಹಾಕಿ ಮುಗಿಸಿದೆ.