ಮಂಡಿಯ ಆರ್ತ್ರೋಸ್ಕೋಪಿ: ನಿರ್ಧಾರಕ್ಕೆ ಬಂದದ್ದು, ಚೇತರಿಸಿಕೊಂಡದ್ದು

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ ಮನೆ, ಫೋರ್ಟ್‌ನಲ್ಲಿ ಬ್ಯಾಂಕಿನ ಕೆಲಸ, ರಜಾದಿನಗಳಲ್ಲಿ ಊರ ಕಡೆಯವರ ಹವ್ಯಾಸಿ ತಂಡದಲ್ಲಿ ಬಡಗುತಿಟ್ಟಿನ ಯಕ್ಷಗಾನ ವೇಷ. ನಲವತ್ತೆಂಟನೆಯ ವಯಸ್ಸಿನಲ್ಲಿ ನನ್ನ ಎಡ ಮಂಡಿ ಕೈಕೊಟ್ಟದ್ದು ಈ ಮೂರರಲ್ಲಿ ಕೊನೆಯದರಿಂದ. ಅಭ್ಯಾಸದ ವೇಳೆ ಮಂಡಿ ಕುಣಿತ ಮುಗಿಸಿ, ಎಡಗಾಲಿಗೆ ಭಾರ ಕೊಟ್ಟು ಏಳುತ್ತಿರುವಾಗಲೇ ಮೈಯನ್ನೂ ತಿರುಗಿಸಿದೆ. ಮಂಡಿಯ ಒಳಮಗ್ಗುಲಲ್ಲಿ ಏನೋ ಪಟ್ಟೆಂದಿತು. ಆ ರಾತ್ರಿ ನಡೆದೇ ಮನೆ ಸೇರಿದೆ. ಬೆಳಗ್ಗೆ ನೋಡಿದರೆ ಮಂಡಿಚಿಪ್ಪಿನ ಎರಡೂ ಬದಿಯ ತಗ್ಗುಗಳು ಊತದಿಂದ ತುಂಬಿಹೋಗಿದ್ದವು. ಊತ ಕೂಡಲೇ ಬಾರದೆ ಮರುದಿನ ಕಾಣಿಸಿಕೊಂಡದ್ದು ಮುಂದೆ ವೈದ್ಯರಿಗೆ ಒಂದು ಸುಳಿವಾಯಿತು: ಮಂಡಿಯೊಳಗೆ ಎಲುಬುಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜು ಹರಿದಾಗ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲೇ ರಕ್ತ ತುಂಬಿ ಮಂಡಿ ಊದಿಕೊಳ್ಳುತ್ತದೆ, ಮೆನಿಸ್ಕಸ್ ಹರಿದಾಗ ಊತ ನಿಧಾನವಾಗಿ ಬರುತ್ತದೆ.

ತೊಡೆಯ ಎಲುಬಿಗೂ ಅದರ ಕೆಳಗಿನ ದೊಡ್ಡ ಎಲುಬಿಗೂ ನಡುವೆ, ಒಳಬದಿಗೊಂದು ಹೊರಬದಿಗೊಂದರಂತೆ ಕುಳಿತಿರುವ ಅರ್ಧಚಂದ್ರಾಕಾರದ ಮೃದ್ವಸ್ಥಿಯೇ ಮೆನಿಸ್ಕಸ್. ಮೈಭಾರವನ್ನು ಕೀಲಿನ ಉದ್ದಗಲಕ್ಕೆ ಹಂಚುವುದು ಅದರ ಮುಖ್ಯ ಕೆಲಸ. ಅದರ ಹೊರ ಅಂಚಿನ ಸುಮಾರು ಮೂರನೆಯ ಒಂದು ಭಾಗಕ್ಕಷ್ಟೇ ರಕ್ತದ ಪೂರೈಕೆ ಇದೆ. ಅಲ್ಲಿ ಹರಿದದ್ದನ್ನು ಹೊಲಿದರೆ ಕೂಡಿಕೊಳ್ಳುವ ಸಂಭವವಿದೆ, ಒಳ ಅಂಚಿನಲ್ಲಿ ಹರಿದದ್ದು ಕೂಡಿಕೊಳ್ಳುವುದು ಅಪರೂಪ. ಈ ಒಂದು ವಿಷಯ ತಿಳಿದಿದ್ದರೆ ಶಸ್ತ್ರಚಿಕಿತ್ಸಕರು ಮುಂದೆ ಹೇಳುವ ಅರ್ಧ ಮಾತು ತಾನಾಗಿಯೇ ಅರ್ಥವಾಗುತ್ತದೆ.

ನನ್ನ ಎಂ.ಆರ್.ಐ. ವರದಿಯಲ್ಲಿ ಒಳಬದಿಯ ಮೆನಿಸ್ಕಸ್‌ನಲ್ಲಿ ಗ್ರೇಡ್ 3ರ ಸೀಳಿದೆಯೆಂದೂ, ಎಲುಬುಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯಲ್ಲಿ ವಯಸ್ಸಿಗೆ ತಕ್ಕ ಸವೆತವಿದೆಯೆಂದೂ ಬರೆದಿತ್ತು. ಗ್ರೇಡ್ 1 ಮತ್ತು 2 ಎಂದರೆ ಒಳಗಿನ ಬದಲಾವಣೆ ಮಾತ್ರ. 3 ಎಂದರೆ ಗೆರೆ ಮೇಲ್ಮೈವರೆಗೆ ಬಂದಿದೆ, ಅಂದರೆ ನಿಜವಾದ ಸೀಳು. ಮೊದಲು ಕಂಡ ಶಸ್ತ್ರಚಿಕಿತ್ಸಕರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಮಂಡಿಯನ್ನು ಮುಟ್ಟದೆಯೇ, ಆರ್ತ್ರೋಸ್ಕೋಪಿಗೆ, ಅಂದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾವನ್ನೂ ಉಪಕರಣವನ್ನೂ ಬಿಟ್ಟು ಮಾಡುವ ಶಸ್ತ್ರಚಿಕಿತ್ಸೆಗೆ, ಮುಂದಿನ ವಾರದ ದಿನಾಂಕವನ್ನು ಸೂಚಿಸಿದರು. ಎರಡನೆಯವರು ವರದಿಯನ್ನು ಮೇಜಿನ ಮೇಲೆ ಮಗುಚಿಟ್ಟು ನನ್ನನ್ನು ಮಲಗಿಸಿದರು. ಮೊದಲು ಸರಿಯಿದ್ದ ಬಲ ಮಂಡಿಯನ್ನೂ ಆಮೇಲೆ ಎಡ ಮಂಡಿಯನ್ನೂ ಮಡಚಿ, ಪಾದವನ್ನು ಹೊರಕ್ಕೂ ಒಳಕ್ಕೂ ತಿರುಗಿಸುತ್ತಾ ನಿಧಾನವಾಗಿ ನೀಡಿ ನೋಡಿದರು. ಬಳಿಕ ಕಾಲು ಪೂರ್ತಿ ನೇರವಾಗುತ್ತದೆಯೇ, ನಡೆಯುವಾಗ ಸಿಕ್ಕಿಬೀಳುತ್ತದೆಯೇ, ಭಾರ ಹಾಕಿದಾಗ ಕುಸಿಯುತ್ತದೆಯೇ ಎಂದು ಕೇಳಿದರು. ಆಗ ಕಾಲು ನೇರವಾಗುತ್ತಿತ್ತು, ನೋವು ಮಾತ್ರ ಇತ್ತು. ಮೂರು ತಿಂಗಳು ವ್ಯಾಯಾಮ ಮಾಡಿ ಬನ್ನಿ ಎಂದು ಕಳುಹಿಸಿದರು.

ಹರಿದದ್ದು ಕಣ್ಣಿಗೆ ಕಾಣುತ್ತಿರುವಾಗ ಕಾಯುವುದೇಕೆ ಎಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ನನಗೂ ಬಂತು, ಹಾಗಾಗಿ ಓದಿದೆ. 2002ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಂಡಿ ಸವೆದಿದ್ದ 180 ಮಂದಿಯನ್ನು ಆರಿಸಿ, ಕೆಲವರಿಗೆ ನಿಜವಾದ ಆರ್ತ್ರೋಸ್ಕೋಪಿಯನ್ನೂ ಇನ್ನು ಕೆಲವರಿಗೆ ಚರ್ಮದ ಮೇಲೆ ಗಾಯ ಮಾತ್ರ ಮಾಡುವ ತೋರಿಕೆಯ ಶಸ್ತ್ರಚಿಕಿತ್ಸೆಯನ್ನೂ ಮಾಡಿ ಹೋಲಿಸಿದಾಗ, ನೋವಿನಲ್ಲಾಗಲಿ ಓಡಾಟದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. 2013ರಲ್ಲಿ ಫಿನ್ಲೆಂಡಿನವರು, ಸವೆತದಿಂದ ಮೆನಿಸ್ಕಸ್ ಹರಿದಿದ್ದ 146 ಮಂದಿಯ ಮೇಲೆ ಇದೇ ಬಗೆಯ ಪರೀಕ್ಷೆ ನಡೆಸಿ, ವರ್ಷದ ಕೊನೆಗೆ ಅದೇ ಫಲಿತಾಂಶವನ್ನು ಪ್ರಕಟಿಸಿದರು. ನನ್ನನ್ನು ಇನ್ನೂ ಹೆಚ್ಚು ಯೋಚಿಸುವಂತೆ ಮಾಡಿದ್ದು 2008ರಲ್ಲಿ ಬಂದ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ: ಐವತ್ತು ದಾಟಿದ ಸಾಮಾನ್ಯ ಜನರ ಎಂ.ಆರ್.ಐ. ತೆಗೆದಾಗ, ಮೆನಿಸ್ಕಸ್ ಹರಿದಿದ್ದವರಲ್ಲಿ ಶೇಕಡಾ 61ರಷ್ಟು ಮಂದಿಗೆ ಹಿಂದಿನ ತಿಂಗಳಲ್ಲಿ ಮಂಡಿನೋವೇ ಇರಲಿಲ್ಲ. ಅಂದರೆ ಫಿಲ್ಮಿನಲ್ಲಿ ಕಾಣುವ ಸೀಳೇ ನೋವಿಗೆ ಕಾರಣವೆಂದು ಹೇಳಲು ಬರುವುದಿಲ್ಲ. ನನ್ನದು ಒಂದೇ ಕ್ಷಣದಲ್ಲಿ ಆದ ಪೆಟ್ಟು, ನಿಜ. ಆದರೂ ನಲವತ್ತೆಂಟರ ಮಂಡಿಯಲ್ಲಿ ಪೆಟ್ಟೆಷ್ಟು, ಸವೆತವೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ವ್ಯಾಯಾಮದಿಂದ ಗುಣ ಕಂಡಿತು. ಎರಡನೆಯ ತಿಂಗಳ ಹೊತ್ತಿಗೆ ನೋವು ಬಹುಮಟ್ಟಿಗೆ ಇಳಿದು, ಲೋಕಲ್‌ನಲ್ಲಿ ನಿಂತು ಹೋಗುವುದು ಸಾಧ್ಯವಾಗಿತ್ತು. ಶಸ್ತ್ರಚಿಕಿತ್ಸೆಯ ಯೋಚನೆಯನ್ನು ಬಿಟ್ಟೇಬಿಟ್ಟಿದ್ದೆ. ಹಾಗಿರುವಾಗ ಒಂದು ದಿನ ತಗ್ಗಾದ ಕುರ್ಚಿಯಿಂದ ಏಳುವಾಗ ಮಂಡಿ ಅರ್ಧ ಮಡಚಿದಲ್ಲೇ ನಿಂತುಬಿಟ್ಟಿತು. ಇದು ಸ್ವಲ್ಪ ಅಲುಗಾಡಿಸಿದರೆ ಬಿಟ್ಟುಕೊಳ್ಳುವ ಹಿಡಿತವಾಗಿರಲಿಲ್ಲ. ಅಂಗಾತ ಮಲಗಿ ಕಾಲು ನೀಡಿದರೆ ಮಂಡಿಯ ಹಿಂಭಾಗಕ್ಕೂ ಹಾಸಿಗೆಗೂ ನಡುವೆ ನನ್ನ ಮುಷ್ಟಿ ಸಲೀಸಾಗಿ ಹೋಗುತ್ತಿತ್ತು. ಮೇಲಿನಿಂದ ಒತ್ತಿದರೆ ಏನೋ ಅಡ್ಡ ನಿಂತಂತೆ ತಡೆಯುತ್ತಿತ್ತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಎರಡನೆಯ ಶಸ್ತ್ರಚಿಕಿತ್ಸಕರು ಈ ಬಾರಿ ಹೆಚ್ಚು ಮಾತಾಡಲಿಲ್ಲ. ಹರಿದ ಭಾಗ ಬಕೆಟ್ಟಿನ ಹಿಡಿಕೆಯಂತೆ ಮಗುಚಿಕೊಂಡು ಕೀಲಿನ ನಡುವೆ ಸಿಕ್ಕಿಕೊಂಡಿದೆ, ಇದನ್ನು ವ್ಯಾಯಾಮ ಬಿಡಿಸಲಾರದು ಎಂದರು. ಸವೆದ ಮಂಡಿಗೆ ಆರ್ತ್ರೋಸ್ಕೋಪಿ ಬೇಡವೆಂದು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮಾರ್ಗಸೂಚಿ ಕೂಡ, ಹೀಗೆ ಖಾಯಮ್ಮಾಗಿ ಸಿಕ್ಕಿಕೊಂಡ ಮಂಡಿಯನ್ನು ಹೊರಗಿಟ್ಟೇ ಮಾತಾಡುತ್ತದೆ. ನೋವಾಗಲಿ ಫಿಲ್ಮಾಗಲಿ ನನ್ನ ಪಾಲಿಗೆ ನಿರ್ಣಾಯಕವಾಗಲಿಲ್ಲ. ಕಾಲು ನೇರವಾಗದಿದ್ದದ್ದು ನಿರ್ಣಾಯಕವಾಯಿತು.

ಒಪ್ಪಿಗೆ ಪತ್ರದಲ್ಲಿ ಎರಡು ಸಾಧ್ಯತೆಗಳಿದ್ದವು: ಹರಿದದ್ದನ್ನು ಹೊಲಿಯುವುದು, ಇಲ್ಲವೇ ಕತ್ತರಿಸಿ ತೆಗೆಯುವುದು. ಹೊಲಿದರೆ ಸುಮಾರು ಆರು ವಾರ ಬ್ರೇಸ್ ಹಾಕಿಕೊಂಡು, ಮಂಡಿಯನ್ನು ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚದೆ ಇರಬೇಕು. ಕುಕ್ಕರಗಾಲಲ್ಲಿ ಕೂರಲು ತಿಂಗಳುಗಟ್ಟಲೆ ಕಾಯಬೇಕು. ಕತ್ತರಿಸಿದರೆ ಅಂದೇ ಭಾರ ಹಾಕಿ ನಡೆಯಬಹುದು, ಆದರೆ ಮೆನಿಸ್ಕಸ್ ಕಡಿಮೆಯಾದಷ್ಟೂ ಎಲುಬಿನ ತುದಿಯ ಮೃದ್ವಸ್ಥಿಯ ಮೇಲೆ ಒತ್ತಡ ಹೆಚ್ಚಿ, ಮುಂದೆ ಸವೆತ ಬೇಗ ಬರುವ ಅಪಾಯವಿದೆ. ಹೊಲಿಯಲು ಬರುವಂತಿದ್ದರೆ ಹೊಲಿಯಿರಿ, ರಜೆಯ ಲೆಕ್ಕ ನನಗಿರಲಿ ಎಂದು ಹೇಳಿದೆ. ಬೇಗ ಕೆಲಸಕ್ಕೆ ಹೋಗುವ ಆಸೆಯಿಂದ ಕತ್ತರಿಸುವುದನ್ನೇ ಕೇಳಿಕೊಳ್ಳುವವರನ್ನು ಕಂಡಿದ್ದೇನೆ. ಅದು ಹತ್ತು ವರ್ಷಗಳ ಮುಂದಿನ ಮಂಡಿಯಿಂದ ಸಾಲ ತೆಗೆಯುವ ವ್ಯವಹಾರವೆಂದು ಬ್ಯಾಂಕಿನವನಾದ ನನಗೆ ಅನ್ನಿಸುತ್ತದೆ.

ಮನೆಯಲ್ಲಿ ಹೆಂಡತಿ ಕೇಳಿದ್ದು ಬೇರೆಯೇ ಪ್ರಶ್ನೆ: “ಆಸ್ಪತ್ರೆಯಿಂದ ಬಂದ ದಿನ ಮೂರು ಮಹಡಿ ಹೇಗೆ ಹತ್ತುತ್ತೀರಿ?” ಇದಕ್ಕೆ ಉತ್ತರ ಮೊದಲೇ ಹುಡುಕಿಕೊಂಡದ್ದು ಒಳ್ಳೆಯದಾಯಿತು. ಫಿಸಿಯೋಥೆರಪಿಸ್ಟ್, ಠಾಣೆಯ ಮರಾಠಿ ಹುಡುಗಿ, ಶಸ್ತ್ರಚಿಕಿತ್ಸೆಗೆ ಮೊದಲೇ ನನಗೆ ಊರುಗೋಲು ಕೊಟ್ಟು ಮೆಟ್ಟಿಲು ಹತ್ತಿಳಿಯುವುದನ್ನು ಕಲಿಸಿದಳು. ಹತ್ತುವಾಗ ಮೊದಲು ಸರಿಯಿರುವ ಕಾಲು, ಆಮೇಲೆ ಊರುಗೋಲು ಮತ್ತು ನೋಯುವ ಕಾಲು. ಇಳಿಯುವಾಗ ಮೊದಲು ಊರುಗೋಲು ಮತ್ತು ನೋಯುವ ಕಾಲು, ಕೊನೆಗೆ ಸರಿಯಿರುವುದು. ಅರಿವಳಿಕೆಯ ಮಂಪರಿನಲ್ಲಿ, ನೋವಿನ ನಡುವೆ ಇದನ್ನು ಹೊಸದಾಗಿ ಕಲಿಯುವುದಕ್ಕಿಂತ, ಮೊದಲೇ ಕಲಿತದ್ದನ್ನು ನೆನಪಿಸಿಕೊಳ್ಳುವುದು ಎಷ್ಟೋ ಸುಲಭ. ವಿಮೆಯ ನಗದುರಹಿತ ಸೌಲಭ್ಯಕ್ಕೆ ಮುಂಗಡ ಅನುಮತಿ ಪಡೆಯುವ ಕಾಗದದ ಕೆಲಸವನ್ನೂ ಅದೇ ವಾರದಲ್ಲಿ ಮುಗಿಸಿದೆ. ಅಂದೇ ಮನೆಗೆ ಕಳುಹಿಸುವ ಡೇ ಕೇರ್ ಚಿಕಿತ್ಸೆಗಳಿಗೆ, ಇಪ್ಪತ್ತನಾಲ್ಕು ಗಂಟೆ ಆಸ್ಪತ್ರೆಯಲ್ಲಿ ದಾಖಲಾಗಿರಬೇಕೆಂಬ ನಿಯಮ ಅನ್ವಯಿಸುವುದಿಲ್ಲವೆಂಬುದನ್ನು ಪಾಲಿಸಿಯಲ್ಲಿ ಓದಿ ಖಚಿತಪಡಿಸಿಕೊಂಡಿದ್ದೆ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಅರಿವಳಿಕೆ ಕೊಟ್ಟಿದ್ದರಿಂದ ಎಚ್ಚರವಿದ್ದೆ. ತೊಡೆಗೆ ಪಟ್ಟಿ ಬಿಗಿದು ರಕ್ತ ಹರಿಯದಂತೆ ಮಾಡಿ, ಮಂಡಿಚಿಪ್ಪಿನ ಕೆಳಗೆ ಎರಡು ಕಡೆ ಸಣ್ಣ ರಂಧ್ರ ಮಾಡಿ, ಒಂದರಿಂದ ಕ್ಯಾಮೆರಾವನ್ನೂ ಇನ್ನೊಂದರಿಂದ ಉಪಕರಣವನ್ನೂ ಒಳಬಿಟ್ಟರು. ಕೀಲಿನೊಳಗೆ ಸಲೈನ್ ಹರಿಯುತ್ತಲೇ ಇರುತ್ತದೆ. ಪರದೆಯಲ್ಲಿ ಬೆಳ್ಳಗೆ ನುಣುಪಾಗಿದ್ದ ಮೃದ್ವಸ್ಥಿಯ ನಡುವೆ, ನಾರುನಾರಾಗಿ ಜೂಲೆದ್ದ ಒಂದು ಪಟ್ಟಿ ನೀರಿನಲ್ಲಿ ಅಲ್ಲಾಡುತ್ತಿದ್ದುದು ಕಾಣಿಸಿತು. ಶಸ್ತ್ರಚಿಕಿತ್ಸಕರು ಅದನ್ನು ಕೊಕ್ಕೆಯಿಂದ ಎತ್ತಿ ತೋರಿಸಿ, ರಕ್ತವಿಲ್ಲದ ಒಳ ಅಂಚಿನಲ್ಲಿ ಹರಿದಿದೆ, ಅಂಚೂ ಜಜ್ಜಿಹೋಗಿದೆ, ಹೊಲಿದರೆ ನಿಲ್ಲದು ಎಂದರು. ಆ ಪಟ್ಟಿಯಷ್ಟನ್ನು ತೆಗೆದು ಹೊರ ಅಂಚನ್ನು ಉಳಿಸಿದರು. 1918ರಲ್ಲಿ ಟೋಕಿಯೋದಲ್ಲಿ ಕೆಂಜಿ ಟಕಾಗಿ ಎಂಬ ವೈದ್ಯರು ಮೂತ್ರಕೋಶ ನೋಡುವ ಕೊಳವೆಯನ್ನು ಮೃತದೇಹದ ಮಂಡಿಯೊಳಗಿಟ್ಟು ನೋಡಿದರಂತೆ. 1962ರಲ್ಲಿ ಅವರದೇ ಪರಂಪರೆಯ ಮಸಾಕಿ ವಟನಾಬೆ ಮೊದಲ ಬಾರಿಗೆ ಇದೇ ದಾರಿಯಲ್ಲಿ ಮೆನಿಸ್ಕಸ್‌ನ ತುಣುಕನ್ನು ತೆಗೆದರು. ಅದಕ್ಕೆ ಮೊದಲು ಮಂಡಿಯನ್ನು ಪೂರ್ತಿ ಸೀಳುವುದೇ ದಾರಿಯಾಗಿತ್ತು.

ಹಗುರವಾದ ಶಸ್ತ್ರಚಿಕಿತ್ಸೆ ಎಂದು ಎಲ್ಲರೂ ಹೇಳುತ್ತಾರೆ, ಗಾಯದ ಮಟ್ಟಿಗೆ ಅದು ಸತ್ಯವೂ ಹೌದು. ತೊಂದರೆ ಇದ್ದದ್ದು ತೊಡೆಯಲ್ಲಿ. ಮರುದಿನ ಫಿಸಿಯೋಥೆರಪಿಸ್ಟ್ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಲು ಹೇಳಿದಳು. ಒತ್ತಿದೆನೆಂದೇ ನಾನು ಭಾವಿಸಿದ್ದೆ. ಆದರೆ ತೊಡೆಯ ಮುಂಭಾಗದ ಸ್ನಾಯು ಮಿಸುಕಲಿಲ್ಲ, ಬದಲಿಗೆ ಪೃಷ್ಠ ಬಿಗಿಯುತ್ತಿತ್ತು. “ಕಾಕಾ, ಮಂಡಿಯನ್ನು ನೋಡಬೇಡಿ, ಇಲ್ಲಿ ನೋಡಿ” ಎಂದು ಮಂಡಿಚಿಪ್ಪಿನ ಮೇಲ್ಗಡೆ, ಒಳಬದಿಯ ಉಬ್ಬಿನ ಮೇಲೆ ಎರಡು ಬೆರಳಿಟ್ಟಳು. ಮಂಡಿಯೊಳಗೆ ನೀರು ತುಂಬಿ ಊದಿಕೊಂಡಿರುವಾಗ ನರಗಳೇ ಆ ಸ್ನಾಯುವನ್ನು ತಡೆಹಿಡಿಯುತ್ತವೆ. ಇದು ಸೋಮಾರಿತನವೂ ಅಲ್ಲ, ನೋವಿನ ಭಯವೂ ಅಲ್ಲ. ಬಲಗಾಲಿನಲ್ಲಿ ಮೊದಲು ಮಾಡಿ, ಅಲ್ಲಿ ಬೆರಳಿಗೆ ಸಿಕ್ಕ ಬಿಗಿತ ಎಡಗಾಲಿನಲ್ಲೂ ಬರುವವರೆಗೆ ಪ್ರಯತ್ನಿಸುತ್ತಾ ಹೋದೆ. ಸಂಜೆಯ ಹೊತ್ತಿಗೆ ಮಂಡಿಚಿಪ್ಪು ಒಂದು ನೂಲಿನಷ್ಟು ಮೇಲಕ್ಕೆ ಸರಿದದ್ದು ಕಂಡಿತು.

ಆಮೇಲಿನ ಕ್ರಮ ಸರಳ, ಬೇಸರದ್ದು. ಹಿಮ್ಮಡಿಯ ಕೆಳಗೆ ದಿಂಬಿಟ್ಟು, ಮಂಡಿಯ ಕೆಳಗೆ ಏನೂ ಇಡದೆ, ಕಾಲು ತನ್ನ ಭಾರಕ್ಕೆ ತಾನೇ ನೇರವಾಗಲು ಬಿಡುವುದು. ನೀಡಿದ ಕಾಲನ್ನು ಹಾಗೆಯೇ ಎತ್ತಿ ಹಿಡಿಯುವುದು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಡಚುವುದು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ಇಪ್ಪತ್ತು ನಿಮಿಷ ಇಡುವುದು. ಮಂಡಿಯ ಕೆಳಗೆ ದಿಂಬಿಟ್ಟು ಮಲಗಿದರೆ ಹಾಯೆನಿಸುತ್ತದೆ, ನೋಡಲು ಬಂದ ನೆಂಟರೆಲ್ಲ ಪ್ರೀತಿಯಿಂದ ದಿಂಬು ತಂದಿಡುತ್ತಾರೆ. ಅದನ್ನು ಮರ್ಯಾದೆಯಿಂದಲೇ ತೆಗೆದಿಡಬೇಕು, ಏಕೆಂದರೆ ಮೊದಲ ವಾರಗಳಲ್ಲಿ ಮಡಚುವುದಕ್ಕಿಂತ ಪೂರ್ತಿ ನೇರವಾಗಿಸುವುದೇ ಮುಖ್ಯ. ಮೀನಖಂಡ ಊದಿಕೊಂಡು ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ಬಿಡುಗಡೆಯ ಚೀಟಿಯಲ್ಲಿತ್ತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಅಪರೂಪವಾದರೂ ಹಗುರವಾಗಿ ತೆಗೆದುಕೊಳ್ಳುವ ಸಂಗತಿಯಲ್ಲ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರುವುದು ಇದಕ್ಕಾಗಿಯೇ.

ಪ್ರಗತಿಯನ್ನು ಅಳೆಯಲು ನಾನು ನೋವನ್ನು ನೆಚ್ಚಲಿಲ್ಲ. ವೇಷದ ಬಟ್ಟೆ ಹೊಲಿಸುವಾಗಿನ ದರ್ಜಿಯ ಟೇಪು ಮನೆಯಲ್ಲಿತ್ತು. ಮಂಡಿಚಿಪ್ಪಿನ ಮೇಲಂಚಿನಿಂದ ಒಂದು ಗೇಣು ಮೇಲೆ ಎರಡೂ ತೊಡೆಗಳ ಸುತ್ತಳತೆ ತೆಗೆದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ನಡಿಗೆ ಸರಿಹೋಗಿ, ಊರುಗೋಲು ಮೂಲೆ ಸೇರಿ, ಎಲ್ಲರೂ ‘ಗುಣವಾಯಿತಲ್ಲ’ ಎನ್ನುತ್ತಿದ್ದಾಗಲೂ ಎಡ ತೊಡೆ ಎರಡು ಸೆಂಟಿಮೀಟರಿನಷ್ಟು ಸಣಕಲಾಗಿಯೇ ಇತ್ತು. ಇನ್ನೊಂದು ಅಳತೆ ಸಂಜೆಯ ಊತ: ಮಂಡಿಚಿಪ್ಪಿನ ಪಕ್ಕದ ತಗ್ಗುಗಳು ಮರುದಿನ ಬೆಳಗ್ಗೆಯೂ ಮುಚ್ಚಿಕೊಂಡೇ ಇದ್ದರೆ ಹಿಂದಿನ ದಿನದ ಕೆಲಸ ಅತಿಯಾಯಿತೆಂದು ತಿಳಿದು ಅಂದು ಕಡಿಮೆ ಮಾಡುತ್ತಿದ್ದೆ.

ಕೆಲಸಕ್ಕೆ ಮರಳಿದ್ದು ಸುಮಾರು ಮೂರು ವಾರಗಳ ಬಳಿಕ. ಕುರ್ಚಿಯಲ್ಲಿ ಕೂರುವುದು ಕಷ್ಟವಲ್ಲ, ಕಷ್ಟವಿರುವುದು ಅಲ್ಲಿಗೆ ತಲುಪುವುದರಲ್ಲಿ. ರೈಲ್ವೆ ನಿಲ್ದಾಣಗಳ ಎಸ್ಕಲೇಟರುಗಳಲ್ಲಿ ಹೆಚ್ಚಿನವು ಹತ್ತುವವರಿಗಾಗಿ ಇರುತ್ತವೆ. ಮಂಡಿಗೆ ಹೆಚ್ಚು ಭಾರ ಬೀಳುವುದು ಇಳಿಯುವಾಗ, ಮಂಡಿಚಿಪ್ಪಿನ ಹಿಂದೆ ಮೈತೂಕದ ಸುಮಾರು ಮೂರು ಪಟ್ಟು ಒತ್ತಡ ಬರುತ್ತದೆ. ಅದಕ್ಕಾಗಿ ಡೊಂಬಿವಲಿಯಿಂದಲೇ ಹೊರಡುವ ನಿಧಾನದ ಲೋಕಲ್ ಹಿಡಿದು, ಕಿಟಕಿಯ ಪಕ್ಕ ಕಾಲು ನೀಡಲು ಜಾಗವಿರುವಲ್ಲಿ ಕುಳಿತು ಹೋಗುತ್ತಿದ್ದೆ. ನಾನು ಇಳಿಯುವುದು ಕೊನೆಯ ನಿಲ್ದಾಣವಾದ್ದರಿಂದ ಗುಂಪೆಲ್ಲ ಇಳಿದ ಮೇಲೆ ಇಳಿದರೂ ನಡೆಯುತ್ತದೆ. ಮಧ್ಯದ ನಿಲ್ದಾಣಗಳಲ್ಲಿ ಇಳಿಯಬೇಕಾದವರು ಇನ್ನೂ ಎರಡು ವಾರ ಹೆಚ್ಚು ರಜೆ ಕೇಳುವುದೇ ಲೇಸು.

ಎರಡನೆಯ ತಿಂಗಳಲ್ಲಿ ಗೋಡೆಗೆ ಒರಗಿ ಅರ್ಧ ಕೂರುವುದು, ಸ್ಟ್ಯಾಂಡಿನ ಸೈಕಲ್ ತುಳಿಯುವುದು, ಗಿಡ್ಡ ಮೆಟ್ಟಿಲಿನಿಂದ ಒಂದೇ ಕಾಲಿನ ಮೇಲೆ ನಿಧಾನವಾಗಿ ಇಳಿಯುವುದು ಸೇರಿಕೊಂಡವು. ಕೊನೆಯದು ಎಲ್ಲಕ್ಕಿಂತ ಕಠಿಣ; ಕನ್ನಡಿಯ ಮುಂದೆ ಮಾಡಿದರೆ ಮಂಡಿ ಒಳಕ್ಕೆ ವಾಲುವುದು ಸ್ಪಷ್ಟವಾಗಿ ಕಾಣುತ್ತದೆ, ಅದು ಕಾಲ್ಬೆರಳಿನ ನೇರಕ್ಕೆ ನಿಲ್ಲಬೇಕು. ಪೂಜೆಗೆ ಚಕ್ಕಳಮಕ್ಕಳ ಹಾಕಿ ಕೂರಲು ಸಾಧ್ಯವಾದದ್ದು ಮೂರು ತಿಂಗಳು ಕಳೆದ ಮೇಲೆ, ಅದೂ ಮಣೆಯ ಮೇಲೆ.

ಮತ್ತೆ ಗೆಜ್ಜೆ ಕಟ್ಟಿದ್ದು ಆರನೆಯ ತಿಂಗಳಲ್ಲಿ. ಮಂಡಿ ಕುಣಿತವನ್ನು ಶಸ್ತ್ರಚಿಕಿತ್ಸಕರು ನಿಷೇಧಿಸಲಿಲ್ಲ, ಮೆನಿಸ್ಕಸ್ ಎಷ್ಟು ಉಳಿದಿದೆಯೆಂದು ಚಿತ್ರ ಬರೆದು ತೋರಿಸಿ ಸುಮ್ಮನಾದರು. ಅದನ್ನು ಬಿಟ್ಟವನು ನಾನೇ. ನಮ್ಮ ಭಾಗವತರು ಆ ಪದ್ಯದ ಕುಣಿತವನ್ನು ನಿಂತೇ ಮಾಡುವಂತೆ ಹೊಂದಿಸಿಕೊಟ್ಟರು, ಚೆಂಡೆಯವರಿಗೆ ಸ್ವಲ್ಪ ಅಸಮಾಧಾನವಿದ್ದರೂ ಆಟ ನಡೆಯಿತು. ಮಂಡಿ ಹಾಕುವ ಪಾತ್ರಗಳನ್ನು ಈಗ ತಂಡದ ಇಬ್ಬರು ಹುಡುಗರು ಮಾಡುತ್ತಾರೆ. ಅವರಲ್ಲಿ ಒಬ್ಬ ಅಭ್ಯಾಸಕ್ಕೆ ಮೊದಲು ಸಭಾಗೃಹದ ಮೆಟ್ಟಿಲಿನಲ್ಲಿ ಒಂಟಿಕಾಲಿನ ಇಳಿತವನ್ನು ಮಾಡಿಯೇ ಬರುತ್ತಾನೆ. ಇನ್ನೊಬ್ಬನಿಗೆ ಅದು ಇನ್ನೂ ತಮಾಷೆಯ ವಿಷಯ.