ಬಾಡಿಗೆ ಮನೆಯ ಕೋಣೆ, ಸ್ಕೂಟರ್ ಮತ್ತು ನನ್ನ ಐಟಿ ರಿಟರ್ನ್ಸ್

ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆಯಲ್ಲಿದ್ದುಕೊಂಡು ನಾನು ವಿಮಾ ಏಜೆಂಟ್ ಕೆಲಸ ಮಾಡುತ್ತೇನೆ. ನಮ್ಮದು ಕಮಿಷನ್ ಆದಾಯವಾದ್ದರಿಂದ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮು ಸಣ್ಣ ವ್ಯಾಪಾರಿಗಳಿಗೆ ಕೊಟ್ಟಿದ್ದ, ವಹಿವಾಟಿನ ಇಂತಿಷ್ಟು ಪಾಲನ್ನೇ ಲಾಭವೆಂದು ತೋರಿಸುವ ಸೌಲಭ್ಯ ನಮಗಿರಲಿಲ್ಲ. ನಿಜವಾಗಿ ಆದ ಖರ್ಚಿಗೆ ಲೆಕ್ಕವಿಟ್ಟು ಐಟಿಆರ್-3 ಎಂಬ ನಮೂನೆಯ ರಿಟರ್ನ್ಸ್‌ನಲ್ಲಿ ತೋರಿಸಬೇಕಿತ್ತು.

ಮೊದಲ ವರ್ಷ ಸ್ಕೂಟರ್ ಖರ್ಚಿನಲ್ಲಿ ಶೇ. 80ರಷ್ಟು ಕೆಲಸಕ್ಕೆಂದು ಬರೆದುಕೊಂಡು ಹೋಗಿದ್ದೆ. "ಈ ಎಂಬತ್ತು ಎಲ್ಲಿಂದ ಬಂತು ಮೇಡಂ?" ಎಂದು ಆಡಿಟರ್ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಸ್ಕೂಟರ್ ಡಿಕ್ಕಿಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೇನೆ. "ಪಾಂಡವಪುರ, ಎರಡು ಪಾಲಿಸಿ ನವೀಕರಣ, 12,418ರಿಂದ 12,480" ಎಂಬಂತೆ ಪ್ರತಿ ಓಡಾಟವನ್ನೂ ಮನೆಗೆ ಮರಳಿದ ಕೂಡಲೇ ಬರೆಯುತ್ತೇನೆ. ಮಾರನೆಯ ದಿನಕ್ಕೆ ಬಿಟ್ಟರೆ ಮೀಟರಿನ ಅಂಕಿ ಖಂಡಿತ ಮರೆತುಹೋಗುತ್ತದೆ. 2024-25ರಲ್ಲಿ ಒಟ್ಟು 11,400 ಕಿ.ಮೀ. ಓಡಿಸಿದ್ದರಲ್ಲಿ ಕೆಲಸದ್ದು 7,980 ಕಿ.ಮೀ., ಅಂದರೆ ಶೇ. 70. ಪೆಟ್ರೋಲ್, ಸರ್ವಿಸ್, ವಾಹನ ವಿಮೆ ಎಲ್ಲದರಲ್ಲೂ ಅಷ್ಟೇ ಪಾಲು ಹಿಡಿದೆ. ಆ ವರ್ಷದ ಜೂನ್‌ನಲ್ಲಿ 90,000 ರೂಪಾಯಿಗೆ ಕೊಂಡ ಸ್ಕೂಟರಿಗೆ ಶೇ. 15ರಂತೆ ಸವಕಳಿ (ಹಳೆಯದಾಗುತ್ತ ಇಳಿಯುವ ಬೆಲೆಗೆ ಸಿಗುವ ಕಳೆತ) 13,500 ಆಯಿತು. ಅದರಲ್ಲಿ ನನ್ನ ಕೆಲಸದ ಪಾಲು 9,450. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಇದರ ಅರ್ಧ ಮಾತ್ರ ಸಿಗುತ್ತಿತ್ತು. ಬಂಕ್‌ನ ಚೀಟಿಯ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ ಅಲ್ಲೇ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತೇನೆ.

ಮನೆಯಲ್ಲಿ ಕೆಲಸಕ್ಕೆ ಬಳಸುವ ಕೋಣೆಯ ಲೆಕ್ಕಕ್ಕೆ ಟೇಪು ಹಿಡಿದು ಅಳೆದೆ. ಮನೆ 960 ಚದರ ಅಡಿ, ಕೋಣೆ 144, ಶೇ. 15 ಆಗುತ್ತದೆ. ಆದರೆ ಸಂಜೆ ಮಗಳು ಅದೇ ಮೇಜಿನ ಮೇಲೆ ಓದಿಕೊಳ್ಳುವುದರಿಂದ ಶೇ. 10 ಮಾತ್ರ ಹಿಡಿದು, ವರ್ಷದ 1,68,000 ರೂಪಾಯಿ ಬಾಡಿಗೆಯಲ್ಲಿ 16,800 ತೋರಿಸಿದೆ. ವಾಸದ ಮನೆಯ ಒಂದು ಭಾಗವನ್ನಾಗಲಿ, ಸ್ವಂತಕ್ಕೂ ಬಳಸುವ ವಾಹನವನ್ನಾಗಲಿ ವೃತ್ತಿಗೆ ಬಳಸಿದಾಗ ತಕ್ಕ ಪಾಲಷ್ಟೇ ಸಲ್ಲುತ್ತದೆ ಎಂದು 1961ರ ಕಾಯ್ದೆಯ 38ನೇ ಕಲಮು ಹೇಳುತ್ತಿದ್ದುದರಿಂದ ಹೀಗೆ ಕಡಿಮೆ ಹಿಡಿದದ್ದು ನನಗೆ ಸರಿಯೆನಿಸಿತು. ಗೃಹಜ್ಯೋತಿಯಿಂದಾಗಿ ಕರೆಂಟ್ ಬಿಲ್ ಸೊನ್ನೆ ಬಂದಿತ್ತು. ಕಟ್ಟದ ಹಣವನ್ನು ಖರ್ಚೆಂದು ಬರೆಯುವಂತಿಲ್ಲವಾದ್ದರಿಂದ ಆ ಸಾಲನ್ನು ಖಾಲಿ ಬಿಟ್ಟೆ.

ಇವು ವೃತ್ತಿಯ ಆದಾಯವನ್ನು ಲೆಕ್ಕಹಾಕುವಾಗಲೇ ಕಳೆಯುವ ಖರ್ಚುಗಳಾದ್ದರಿಂದ ಹೊಸ ತೆರಿಗೆ ಪದ್ಧತಿಯಲ್ಲೂ ಸಿಗುತ್ತವೆ. ಮನೆಯಿಂದಲೇ ಕಂಪನಿ ಕೆಲಸ ಮಾಡುವ ಪಕ್ಕದ ಮನೆಯವರು ತಮಗೂ ಹೀಗೆ ಕೋಣೆಯ ಪಾಲು ತೋರಿಸಲು ಬರುತ್ತದೆಯೇ ಎಂದು ಕೇಳಿದ್ದರು. ಸಂಬಳದವರಿಗೆ ಹಾಗೆ ಬರುವುದಿಲ್ಲ. 2024-25ರಲ್ಲಿ ಹೊಸ ಪದ್ಧತಿಯಲ್ಲಿ ಅವರಿಗಿದ್ದದ್ದು 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚಿನ ಲೆಕ್ಕ ಕೊಡದೆಯೇ ಸಂಬಳದಿಂದ ಕಳೆಯುವ ಮೊತ್ತ.